ಕರೆತಂದವರು

ನಮ್ಮ ಎಕ್ಸ್‌ರೇ ಯಂತ್ರದ ಗಡಿಯಾರ ಆ ದಿನ ಒಂದು ಗಂಟೆ ಮೂವತ್ತೆರಡು ನಿಮಿಷ ಹಿಂದಿತ್ತು. ಇದು ನನಗೆ ಅಂದಾಜಿನಿಂದಲ್ಲ, ಅಳತೆಯಿಂದ ಗೊತ್ತು.

ಯಂತ್ರದೊಳಗೆ ಅಂಗಿಯ ಗುಂಡಿಯಷ್ಟು ಅಗಲದ ಒಂದು ಬ್ಯಾಟರಿ ಇದೆ. ಕರೆಂಟು ಹೋದಾಗ ಗಡಿಯಾರವನ್ನು ನಡೆಸುವುದಷ್ಟೇ ಅದರ ಕೆಲಸ. ಅದು ಸತ್ತು ಏಳು ತಿಂಗಳಾಗಿತ್ತು. ಅಂದಿನಿಂದ ಕರೆಂಟು ಹೋದರೆ ಗಡಿಯಾರ ನಿಲ್ಲುತ್ತಿತ್ತು, ಬಂದರೆ ನಿಂತಲ್ಲಿಂದಲೇ ಹೊರಡುತ್ತಿತ್ತು. ಆಸ್ಪತ್ರೆಯ ಜನರೇಟರ್ ಆಪರೇಷನ್ ಕೋಣೆಗೆ ಮಾತ್ರ. ಹಾಗಾಗಿ ಹತ್ತು ನಿಮಿಷ ಕರೆಂಟು ಹೋದರೆ ಯಂತ್ರ ಹತ್ತು ನಿಮಿಷ ಹಿಂದೆ ಬೀಳುತ್ತಿತ್ತು. ಸರಿಪಡಿಸಲು ಕಂಪನಿಯ ಎಂಜಿನಿಯರೇ ಬರಬೇಕು. ಪಾಸ್‌ವರ್ಡ್ ಇರುವುದು ಅವನ ಬಳಿ. ನಾನು ಮೂರು ಸಲ ಬರೆದೆ. ಒಂದು ಸಲ ಉತ್ತರ ಬಂತು: ಪರಿಶೀಲನೆಯಲ್ಲಿದೆ.

ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ, ಮೊದಲ ರೋಗಿ ಬರುವ ಮುಂಚೆ, ನಾನೊಂದು ಪರೀಕ್ಷೆಯ ಚಿತ್ರ ತೆಗೆಯುತ್ತೇನೆ. ಮೆಟ್ಟಿಲಿನಂತೆ ಕೊರೆದ ಅಲ್ಯೂಮಿನಿಯಂ ತುಂಡೊಂದನ್ನು ಮೇಜಿನ ಮೇಲಿಟ್ಟು ಕಿರಣ ಹಾಯಿಸಿದರೆ, ಮೆಟ್ಟಿಲುಗಳ ಬಿಳುಪು ನೋಡಿ ಯಂತ್ರದ ಆರೋಗ್ಯ ಹೇಳಬಹುದು. ಬ್ಯಾಟರಿ ಸತ್ತ ಮೇಲೆ ಆ ತುಂಡಿನ ಪಕ್ಕ ಒಂದು ಟೈಂಪೀಸನ್ನೂ ಮಲಗಿಸತೊಡಗಿದೆ. ಪ್ಲಾಸ್ಟಿಕ್ಕಿನ ಅಗ್ಗದ ಟೈಂಪೀಸು, ಉಕ್ಕಿನ ಮುಳ್ಳುಗಳು. ಎಕ್ಸ್‌ರೇಗೆ ಪ್ಲಾಸ್ಟಿಕ್ಕು, ಕಾಗದ ಕಾಣುವುದಿಲ್ಲ, ಮುಳ್ಳುಗಳು ಕಾಣುತ್ತವೆ. ಹನ್ನೆರಡು ಎಲ್ಲಿದೆ ಎಂದು ತಿಳಿಯಲು ಆ ಜಾಗದಲ್ಲಿ ಗುಂಡುಪಿನ್ನಿನ ತಲೆಯೊಂದನ್ನು ಅಂಟಿಸಿದ್ದೆ. ಹೀಗೆ ಒಂದೇ ಚಿತ್ರದಲ್ಲಿ ಎರಡು ಗಂಟೆಗಳು: ಮೂಲೆಯಲ್ಲಿ ಯಂತ್ರ ತಾನೇ ಅಚ್ಚೊತ್ತಿದ್ದು, ನಡುವೆ ಮುಳ್ಳುಗಳು ತೋರಿಸಿದ್ದು. ಇದನ್ನು ಯಾರೂ ನನಗೆ ಹೇಳಿಕೊಡಲಿಲ್ಲ, ಯಾರೂ ಕೇಳಲೂ ಇಲ್ಲ. ಭೌತಶಾಸ್ತ್ರ ಓದಿ ಇಪ್ಪತ್ತೆರಡು ವರ್ಷವಾದರೂ ಹೋಗದ ಚಟ.

ಟೈಂಪೀಸು ನನ್ನ ಮೈದುನನದು. ಪೊಲೀಸ್ ಆಯ್ಕೆಗೆ ಓಡಲು ಬೆಳಗಿನ ಜಾವ ಏಳಬೇಕೆಂದು ಕೊಂಡಿದ್ದ. ಕೆಲಸ ಸಿಕ್ಕ ದಿನ, "ಅತ್ತಿಗೆ, ಇನ್ನು ನನ್ನನ್ನ ಎಬ್ಬಿಸೋಕೆ ಸರ್ಕಾರ ಇದೆ" ಎಂದು ನನ್ನ ಕೈಗೆ ಕೊಟ್ಟಿದ್ದ.

ನಮ್ಮಲ್ಲಿ ಒಂದು ರಿಜಿಸ್ಟರ್ ಇದೆ. ರೋಗಿಯ ಸಂಖ್ಯೆ, ಹೆಸರು, ಯಾವ ಅಂಗ, ಎಷ್ಟು ಗಂಟೆ, ಕರೆತಂದವರು ಯಾರು, ಅವರ ಸಹಿ. ಗಂಟೆಯ ಕಲಂನಲ್ಲಿ ನಾನು ಮೊದಲಿಂದಲೂ ಗೋಡೆಯ ಗಡಿಯಾರ ನೋಡಿ ಬರೆಯುತ್ತಿದ್ದೆ. ಆ ದಿನಕ್ಕೆ ಎರಡು ವಾರ ಮುಂಚೆ ತಪಾಸಣೆಗೆ ಬಂದವರು, ಫಿಲ್ಮಿನ ಗಂಟೆಗೂ ರಿಜಿಸ್ಟರಿನ ಗಂಟೆಗೂ ತಾಳೆಯಿಲ್ಲ ಎಂದು ಬರೆದು ಹೋದರು. ದೊಡ್ಡ ಡಾಕ್ಟರು, ಅಂದರೆ ಆಸ್ಪತ್ರೆಯ ಮುಖ್ಯಸ್ಥರು, ನನ್ನನ್ನು ಕರೆಸಿದರು.

"ಎರಡೂ ಒಂದೇ ಇರಲಿ ಮೇಡಂ. ಫಿಲ್ಮಲ್ಲಿ ಏನಿದೆಯೋ ಅದನ್ನೇ ಬರೀರಿ."

"ಫಿಲ್ಮಲ್ಲಿರೋದು ತಪ್ಪು ಸರ್."

"ಎರಡೂ ತಪ್ಪಾದ್ರೆ ಯಾರೂ ಕೇಳಲ್ಲ. ಒಂದು ಸರಿ, ಒಂದು ತಪ್ಪಾದ್ರೇನೇ ತಲೆನೋವು."

ಅಂದಿನಿಂದ ಫಿಲ್ಮಿನ ಗಂಟೆಯನ್ನೇ ಬರೆಯತೊಡಗಿದೆ. ವಾದ ಮಾಡಬಹುದಿತ್ತು. ಹಿರಿಯ ತಂತ್ರಜ್ಞೆಯ ಬಡ್ತಿಗೆ ನನ್ನ ಕಡತ ಅವರ ಮೇಜಿನ ಮೇಲಿತ್ತು.

ಆ ದಿನ ಗೋಡೆಯ ಗಡಿಯಾರ ಹನ್ನೆರಡು ಐವತ್ತು ದಾಟಿತ್ತು. ಒಂದಕ್ಕೆ ಕೋಣೆ ಮುಚ್ಚಿ ಊಟಕ್ಕೆ ಹೋಗುವುದು ವಾಡಿಕೆ. ಬಾಗಿಲಲ್ಲಿ ಮೈದುನ ನಿಂತಿದ್ದ, ಸಾದಾ ಬಟ್ಟೆಯಲ್ಲಿ. ಮುಂದೆ ಒಬ್ಬ ತೆಳ್ಳಗಿನ ಗಂಡಸು, ಎಡಗೈಯನ್ನು ಬಲಗೈಯಿಂದ ಎತ್ತಿ ಹಿಡಿದುಕೊಂಡಿದ್ದ. ಬಸ್ ನಿಲ್ದಾಣದ ಪಕ್ಕ ಬೀಗ ರಿಪೇರಿ ಮಾಡಿ ಕೀಲಿಕೈ ಕೊರೆದುಕೊಡುವವನು. ನಮ್ಮ ಮನೆಯ ಕೀಲಿಯನ್ನೂ ಅವನೇ ಮಾಡಿಕೊಟ್ಟಿದ್ದ.

"ಮೆಟ್ಟಿಲಿಂದ ಬಿದ್ದ ಅತ್ತಿಗೆ. ಬೇಗ ಒಂದು ತೆಗೆದುಬಿಡಿ" ಎಂದ ಮೈದುನ.

ಕೀಲಿಯವನನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿದ ಮೇಲೆ ಕೈಯನ್ನು ಮೇಜಿನ ಮೇಲೆ ಮಲಗಿಸಲು ಸಹಾಯ ಮಾಡಿದೆ. ಅವನ ಅಂಗಿಯ ತೋಳುಗಳು ಮೇಲಕ್ಕೆ ಸರಿದವು. ಮುರಿದದ್ದು ಎಡಗೈ, ಆದರೆ ಬಲದ ರಟ್ಟೆಯಲ್ಲಿ ನಾಲ್ಕು ಬೆರಳಿನ ಗುರುತು ಕೆಂಪಗೆ ಮೂಡಿತ್ತು.

"ಎಷ್ಟು ಮೆಟ್ಟಿಲು?" ಎಂದೆ.

"ಲೆಕ್ಕ ಹಾಕೋಕೆ ಬಿಡ್ಲಿಲ್ಲ ಅಕ್ಕ" ಎಂದ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ: "ಯಾರದೋ ಮನೇಲಿ ಬೀಗ ಒಡೀದೆ ಕಳ್ಳತನ ಆಗಿದೆಯಂತೆ. ಕೀಲಿ ಮಾಡೋನು ಊರಲ್ಲಿ ನಾನೊಬ್ಬನೇ ನೋಡಿ. ಬೆಳಿಗ್ಗೆ ಹತ್ತಕ್ಕೇ ಅಂಗಡಿಗೆ ಬಂದು ಠಾಣೆಗೆ ಎಬ್ಬಿಸಿಕೊಂಡು ಹೋದ್ರು."

ಚಿತ್ರ ಪರದೆಯ ಮೇಲೆ ಬಂತು. ಮುಂಗೈಯಲ್ಲಿ ಎರಡು ಮೂಳೆಗಳಿವೆ. ಬೀಳುವ ಮನುಷ್ಯ ಅಂಗೈ ಊರುತ್ತಾನೆ. ಆಗ ಸಾಮಾನ್ಯವಾಗಿ ಮುರಿಯುವುದು ಹೆಬ್ಬೆರಳಿನ ಕಡೆಯ ಮೂಳೆ, ಅದೂ ಮಣಿಕಟ್ಟಿನ ಹತ್ತಿರ. ಇವನದ್ದು ಕಿರುಬೆರಳಿನ ಕಡೆಯದ್ದು, ಮಧ್ಯದಲ್ಲಿ, ಸ್ಕೇಲಿಟ್ಟು ಗೆರೆ ಎಳೆದಂತೆ ಅಡ್ಡಡ್ಡ ಮುರಿದಿತ್ತು. ತಲೆಯ ಮೇಲೆ ಬೀಳುವ ಪೆಟ್ಟಿಗೆ ಮುಂಗೈ ಅಡ್ಡ ಹಿಡಿದವರಲ್ಲಿ ಹೀಗಾಗುತ್ತದೆ. ಅದು ನನಗೆ ಗೊತ್ತಿತ್ತು. ನಾನು ಚಿತ್ರ ತೆಗೆಯುವವಳು, ಅಭಿಪ್ರಾಯ ಬರೆಯುವವಳಲ್ಲ ಎಂಬುದೂ ಗೊತ್ತಿತ್ತು. ಅಗತ್ಯ ಬಿದ್ದಾಗ ನನಗೆ ಎರಡನೆಯದೇ ಮೊದಲು ನೆನಪಾಗುತ್ತದೆ.

ಫಿಲ್ಮಿನ ಮೂಲೆಯಲ್ಲಿ ಹನ್ನೊಂದು ಇಪ್ಪತ್ನಾಲ್ಕು ಎಂದು ಅಚ್ಚಾಯಿತು. ಗೋಡೆಯಲ್ಲಿ ಹನ್ನೆರಡು ಐವತ್ತಾರು. ರಿಜಿಸ್ಟರಿನಲ್ಲಿ ಹನ್ನೊಂದು ಇಪ್ಪತ್ನಾಲ್ಕು ಎಂದು ಬರೆದೆ. ಕರೆತಂದವರ ಕಲಂಗೆ ಬಂದು ಪೆನ್ನು ಮೈದುನನಿಗೆ ಕೊಟ್ಟೆ.

"ನನ್ನದು ಬೇಡ ಅತ್ತಿಗೆ. ಇನ್ಸ್‌ಪೆಕ್ಟರಿಗೆ ನಾನಿಲ್ಲಿಗೆ ಕರ್ಕೊಂಡು ಬಂದಿದ್ದೂ ಗೊತ್ತಿಲ್ಲ. ನಾಳೆ ನೋಡೋಣ ಅಂದಿದ್ರು. ಕೈ ಊದಿಕೊಳ್ತಿತ್ತು, ಅದಕ್ಕೇ..."

ಕಲಂ ಖಾಲಿ ಬಿಟ್ಟೆ. ಒಂದು ಗಂಟೆಗೆ ಕೋಣೆ ಮುಚ್ಚಿದೆ.

ಮೂರು ವಾರದ ಮೇಲೆ ಕೀಲಿಯವನ ಅತ್ತೆ ನನ್ನನ್ನು ಹುಡುಕಿಕೊಂಡು ಬಂದಳು. ಗಿಡ್ಡ ಹೆಂಗಸು, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ. ರೋಗಿಗಳ ಸಾಲನ್ನು ದಾಟಿ ನೇರ ಒಳಗೇ ಬಂದು ಕುರ್ಚಿ ಎಳೆದುಕೊಂಡಳು.

"ನೀವೇನಾ ಎಕ್ಸ್‌ರೇಯಮ್ಮ? ನಿಮ್ಮ ಮಿಷನ್ನು ಸುಳ್ಳು ಹೇಳುತ್ತಾ?"

"ಯಾಕಮ್ಮ?"

"ಹೇಳಲ್ಲ ಅಂದ್ರೆ ನಮ್ಮ ಅಳಿಯ ಹೇಳ್ತಿದ್ದಾನೆ. ಇಬ್ಬರಲ್ಲಿ ಒಬ್ಬರು ಹೇಳ್ತಿರಲೇಬೇಕಲ್ಲ."

ಚೀಲದಿಂದ ಕಾಗದ ತೆಗೆದಳು. ಪೊಲೀಸರ ಮೇಲಿನ ದೂರು ಕೇಳುವ ಪ್ರಾಧಿಕಾರಕ್ಕೆ ಅವಳೇ ಅಳಿಯನ ಪರವಾಗಿ ಅರ್ಜಿ ಹಾಕಿಸಿದ್ದಳು. ಠಾಣೆಯವರು ಕೊಟ್ಟ ಉತ್ತರ ಇದು. ಆ ವ್ಯಕ್ತಿಯನ್ನು ಯಾರೂ ಕರೆತಂದಿಲ್ಲ. ಹನ್ನೆರಡು ಗಂಟೆ ಐದು ನಿಮಿಷಕ್ಕೆ ತಾನಾಗಿಯೇ ಠಾಣೆಗೆ ಬಂದ. ಆಗಲೇ ಕೈ ಮುರಿದಿತ್ತು. ನಾಲ್ಕು ಗಂಟೆಯವರೆಗೆ ಕೂತು ಹೇಳಿಕೆ ಕೊಟ್ಟು ಹೋದ. ಆಧಾರ: ಸರ್ಕಾರಿ ಆಸ್ಪತ್ರೆಯ ಎಕ್ಸ್‌ರೇ ಫಿಲ್ಮು, ಬೆಳಿಗ್ಗೆ ಹನ್ನೊಂದು ಇಪ್ಪತ್ನಾಲ್ಕು. ಆಸ್ಪತ್ರೆಯ ರಿಜಿಸ್ಟರಿನ ಪ್ರತಿ, ಅದೇ ಗಂಟೆ.

ನಾನು ಅದನ್ನು ಎರಡು ಸಲ ಓದಿದೆ. ಫಿಲ್ಮನ್ನು ನೋಡಿಕೊಂಡೇ ಠಾಣೆಯ ದಿನಚರಿ ಬರೆದಿದ್ದರು. ರಿಜಿಸ್ಟರು ಮೊದಲಿನಂತೆ ಇದ್ದಿದ್ದರೆ ಎರಡು ಗಂಟೆಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆಯಾದರೂ ಏಳುತ್ತಿತ್ತು. ಅದನ್ನು ಅಳಿಸಿದ್ದು ನನ್ನ ಕೈ.

"ಅಂಗಡಿ ಸಾಲಿನವರು ಹತ್ತಕ್ಕೆ ಎಳೆದುಕೊಂಡು ಹೋಗಿದ್ದನ್ನ ನೋಡಿಲ್ವಾ?" ಎಂದೆ.

"ನೋಡಿದ್ದಾರೆ. ಹೇಳು ಅಂದ್ರೆ ಎಲ್ಲರಿಗೂ ಅವತ್ತೇ ಕಣ್ಣು ಬಂದಿತ್ತಂತೆ." ಕಾಗದ ಮಡಚಿದಳು. "ನೋಡಮ್ಮ, ನಮ್ಮ ಅಳಿಯ ಸೋಮಾರಿ. ನಾನೇ ಹೇಳ್ತೀನಿ, ಹತ್ತು ವರ್ಷದಿಂದ ಹೇಳ್ತಿದ್ದೀನಿ. ಮದುವೇಲಿ ಕೊಟ್ಟ ವಾಚನ್ನ ಮೂರೇ ತಿಂಗಳಲ್ಲಿ ಕೆಡಿಸಿದ ಮಹಾಶಯ. ಆದರೆ ಕಳ್ಳ ಅಲ್ಲ. ಬಯ್ಯೋ ಹಕ್ಕು ನನ್ನದು, ಹೊಡೆಯೋ ಹಕ್ಕು ಯಾರದೂ ಅಲ್ಲ. ಈ ಅರ್ಜಿ ಬಿದ್ದುಹೋದ್ರೆ ಸುಳ್ಳು ದೂರು ಕೊಟ್ಟ ಅಂತ ಅವನ ಮೇಲೇ ಕೇಸು ಹಾಕ್ತಾರಂತೆ."

ಮುಂದಿನ ವಿಚಾರಣೆಗೆ ಹನ್ನೆರಡು ದಿನ ಇತ್ತು. ನಾನು ಅವಳಿಗೆ ಏನೂ ಮಾತು ಕೊಡಲಿಲ್ಲ. "ಮಿಷನ್ನಿನ ವಿಷಯ ನಾನು ನೋಡ್ತೀನಿ" ಎಂದಷ್ಟೇ ಹೇಳಿದೆ.

ಮಧ್ಯಾಹ್ನ ಪರೀಕ್ಷೆಯ ಚಿತ್ರಗಳನ್ನು ತೆರೆದೆ. ಆ ದಿನ ಬೆಳಿಗ್ಗೆಯ ಚಿತ್ರದಲ್ಲಿ ಮುಳ್ಳುಗಳು ಎಂಟೂವರೆ, ಮೂಲೆಯಲ್ಲಿ ಆರು ಐವತ್ತೆಂಟು. ಮಾರನೆಯ ದಿನದ್ದರಲ್ಲಿ ಎಂಟು ಮೂವತ್ತೊಂದು, ಮೂಲೆಯಲ್ಲಿ ಆರು ಐವತ್ತೊಂಬತ್ತು. ಎರಡರಲ್ಲೂ ಅಂತರ ಒಂದೇ. ನಡುವೆ ಕರೆಂಟು ಹೋಗಿರಲಿಲ್ಲ, ಗಡಿಯಾರವನ್ನು ಯಾರೂ ಮುಟ್ಟಿರಲಿಲ್ಲ. ಹನ್ನೊಂದು ಇಪ್ಪತ್ನಾಲ್ಕು ಎಂದರೆ ಹನ್ನೆರಡು ಐವತ್ತಾರೇ. ಠಾಣೆಯ ದಿನಚರಿಯ ಪ್ರಕಾರ ಆಗ ಕೀಲಿಯವನು ಠಾಣೆಯಲ್ಲಿ ಕೂತು ಹೇಳಿಕೆ ಕೊಡುತ್ತಿದ್ದ. ನಿಜದಲ್ಲಿ ನನ್ನ ಮೇಜಿನ ಮೇಲೆ ಕೈಯಿಟ್ಟಿದ್ದ.

ದೊಡ್ಡ ಡಾಕ್ಟರಿಗೆ ತಿಳಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಹೇಳಿದ್ರೆ ಏನಾಗುತ್ತೆ ಗೊತ್ತಾ? ಐದು ವಾರದ ಎಲ್ಲ ಗಂಟೆನೂ ಸುಳ್ಳು ಅಂತ ನೀವೇ ಒಪ್ಪಿಕೊಂಡ ಹಾಗೆ. ನಾನು ಬರವಣಿಗೆಯಲ್ಲಿ ಏನೂ ಹೇಳಿಲ್ಲ."

"ಗೊತ್ತು ಸರ್. ಬರವಣಿಗೆ ಎಲ್ಲ ನಂದೇ."

ಅಂದೇ ರಿಜಿಸ್ಟರಿನಲ್ಲಿ ಮತ್ತೆ ಗೋಡೆಯ ಗಂಟೆ ಬರೆಯಲು ಶುರು ಮಾಡಿದೆ.

ಗಡಿಯಾರದ ವಿಷಯ ಹೇಳುವುದು ಕಷ್ಟವಾಗಿರಲಿಲ್ಲ. ಕಷ್ಟವಿದ್ದದ್ದು ಅದರ ಪಕ್ಕದ ಕಲಂನಲ್ಲಿ. ವಿಚಾರಣೆಯ ದಿನ ಬೆಳಿಗ್ಗೆ ಮೈದುನ ಹಿತ್ತಿಲ ಬಾಗಿಲಲ್ಲಿ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದ. ನನ್ನ ಗಂಡ ಸ್ನಾನದ ಮನೆಯಲ್ಲಿದ್ದರು. ವಿಷಯ ತಿಳಿದ ದಿನ ಅವರು ಹೇಳಿದ್ದು ಒಂದೇ ಮಾತು: "ಒಂದು ಕಡೆ ಹೆಂಡತಿ, ಒಂದು ಕಡೆ ತಮ್ಮ. ನನ್ನನ್ನ ಇಬ್ಬರೂ ಕೇಳಬೇಡಿ." ಆಮೇಲೆ ನಾವು ಕೇಳಲಿಲ್ಲ.

"ನನ್ನ ಟೈಂಪೀಸೇ ನನಗೆ ತಿರುಗಿಬಿತ್ತಲ್ಲ ಅತ್ತಿಗೆ" ಎಂದ ಮೈದುನ.

"ಅದು ಗಂಟೆ ಮಾತ್ರ ಹೇಳುತ್ತೆ. ಯಾರು ಕರೆತಂದ್ರು ಅಂತ ಹೇಳಲ್ಲ."

"ನೀವು?"

"ಕೇಳಿದ್ರೆ ಹೇಳ್ತೀನಿ."

ಬ್ರಷ್ಷು ನಿಂತಿತು. "ಕೇಳದೆ ಇದ್ರೆ?"

"ಕೇಳದೆ ಇದ್ರೆ ಇಲ್ಲ."

"ಕೇಳಲ್ಲ ಬಿಡಿ. ನಮ್ಮ ಕಡೆ ವಕೀಲರು ಆ ಕಲಂ ಹತ್ತಿರಕ್ಕೂ ಹೋಗಲ್ಲ." ಇನ್ನೊಂದು ಬೂಟು ತೆಗೆದುಕೊಂಡ. "ನಾನು ಅವನನ್ನ ಆಸ್ಪತ್ರೆಗೆ ಕರ್ಕೊಂಡು ಬಂದೆ ಅತ್ತಿಗೆ. ಅದೊಂದು ಒಳ್ಳೇದು ಮಾಡಿದ್ದಕ್ಕೇ ನಾನು ಸಿಕ್ಕಿಕೊಳ್ಳೋದಾ?"

ನಾನು ಟೈಂಪೀಸನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟೆ.

ವಿಚಾರಣೆಯ ಕೋಣೆ ಶಾಲೆಯ ತರಗತಿಯಷ್ಟು ದೊಡ್ಡದು. ಉದ್ದನೆಯ ಮೇಜು, ನೀರಿನ ಜಗ್ಗು, ಗಾಳಿ ಬೀಸುವುದಕ್ಕಿಂತ ಹೆಚ್ಚು ಸದ್ದು ಮಾಡುವ ಫ್ಯಾನು. ಅಧಿಕಾರಿ ಬಿಳಿಗೂದಲಿನ ಹೆಂಗಸು, ನಿವೃತ್ತ ನ್ಯಾಯಾಧೀಶೆ. ಒಂದು ಬದಿ ಇನ್ಸ್‌ಪೆಕ್ಟರು ಮತ್ತು ವಕೀಲರು. ಇನ್ನೊಂದು ಬದಿ ಪ್ಲಾಸ್ಟರ್ ಹಾಕಿದ ಕೈಯೊಂದಿಗೆ ಕೀಲಿಯವನು, ಪಕ್ಕದಲ್ಲಿ ಅತ್ತೆ. ನಾನು ಟೈಂಪೀಸನ್ನೂ ತಂದಿದ್ದೆ. ಅದು ಮೇಜಿನ ಮೇಲೆ ಟಿಕ್ ಟಿಕ್ ಎನ್ನುತ್ತಿತ್ತು.

ಎರಡು ಚಿತ್ರಗಳನ್ನು ತೋರಿಸಿ ವಿವರಿಸಿದೆ. ಅಧಿಕಾರಿ ಭೂತಗನ್ನಡಿ ತರಿಸಿಕೊಂಡು ಮುಳ್ಳುಗಳನ್ನು ತಾವೇ ಓದಿದರು.

ವಕೀಲರು ಎದ್ದರು. "ಈ ಟೈಂಪೀಸು ಸರಿಯಾಗಿತ್ತು ಅನ್ನೋಕೆ ಏನು ಸಾಕ್ಷಿ?"

"ದಿನಾ ಬೆಳಿಗ್ಗೆ ಫೋನ್ ನೋಡಿ ಹೊಂದಿಸ್ತಿದ್ದೆ."

"ನೋಡಿದವರು?"

"ಯಾರೂ ಇಲ್ಲ. ಆದ್ರೆ ಕರೆಂಟು ಕಚೇರಿಯಿಂದ ಪಟ್ಟಿ ತಂದಿದ್ದೀನಿ. ಆ ದಿನದವರೆಗಿನ ಏಳು ತಿಂಗಳಲ್ಲಿ ನಮ್ಮ ಲೈನಿಗೆ ಹತ್ತೊಂಬತ್ತು ಸಲ ಕರೆಂಟು ಹೋಗಿದೆ, ಒಟ್ಟು ತೊಂಬತ್ತೆರಡು ನಿಮಿಷ. ನನ್ನ ಚಿತ್ರಗಳಲ್ಲೂ ಅಂತರ ಹತ್ತೊಂಬತ್ತೇ ಸಲ ಹೆಚ್ಚಾಗಿದೆ, ಅದೇ ದಿನಗಳಲ್ಲಿ. ಎರಡು ಕಡೆ ಒಂದೊಂದು ನಿಮಿಷದ ವ್ಯತ್ಯಾಸ ಇದೆ, ಅದನ್ನೂ ಗುರುತು ಮಾಡಿದ್ದೀನಿ. ಕರೆಂಟು ಕಚೇರಿಯವರಿಗೆ ನನ್ನ ಟೈಂಪೀಸಿನ ವಿಷಯ ಗೊತ್ತಿಲ್ಲ."

"ಗಡಿಯಾರ ತಪ್ಪು ಅಂತ ಗೊತ್ತಿದ್ದೂ ಐದು ವಾರ ಅದೇ ಗಂಟೆನ ಸರ್ಕಾರಿ ರಿಜಿಸ್ಟರಿನಲ್ಲಿ ಬರೆದ್ರಿ."

"ಹೌದು."

"ಹಾಗಿದ್ರೆ ನಿಮ್ಮನ್ನ ಯಾಕೆ ನಂಬಬೇಕು?"

"ನನ್ನನ್ನ ನಂಬಬೇಡಿ. ಮುಳ್ಳು ನೋಡಿ."

ಕೀಲಿಯವನ ಅತ್ತೆ ಕೆಮ್ಮಿದಳು, ಅದು ಕೆಮ್ಮಾಗಿರಲಿಲ್ಲ. ವಕೀಲರು ಕೂತರು. ಮೈದುನ ಹೇಳಿದಂತೆಯೇ ಆಯಿತು, ಆ ಕಲಂನ ಹತ್ತಿರಕ್ಕೂ ಯಾರೂ ಹೋಗಲಿಲ್ಲ.

ಅಧಿಕಾರಿ ಬರೆಯುವುದನ್ನು ಮುಗಿಸಿ ಪೆನ್ನಿನ ಮುಚ್ಚಳ ಹಾಕಿದರು. "ಇನ್ನೇನಾದ್ರೂ ಇದೆಯಾ?" ಎಂದರು. ಅದು ಎಲ್ಲರಿಗೂ ಕೇಳುವ ಮಾತು, ಪ್ರಶ್ನೆಯಲ್ಲ. ಇಲ್ಲ ಎಂದು ಏಳಬಹುದಿತ್ತು. ಮೈದುನನಿಗೆ ಕೊಟ್ಟ ಮಾತೂ ಉಳಿಯುತ್ತಿತ್ತು.

ಆದರೆ ನಾನು ಕೊಟ್ಟದ್ದು ಅರ್ಧ ಅಳತೆ. ಆ ಹೊತ್ತಿಗೆ ಅವನು ಆಸ್ಪತ್ರೆಯಲ್ಲಿದ್ದ ಎಂದು ಚಿತ್ರ ಹೇಳುತ್ತದೆ. ಠಾಣೆಯಿಂದ ಬಂದಿದ್ದ ಎಂದು ಹೇಳುವುದಿಲ್ಲ. ನಾಳೆ ಅವರು ದಿನಚರಿ ಬರೆಯುವಾಗ ಕೈತಪ್ಪಾಯಿತು ಎಂದರೆ ಸಾಕು, ಮೆಟ್ಟಿಲಿನ ಕಥೆ ಮತ್ತೆ ಬರುತ್ತದೆ. ಮೇಜಿನಾಚೆ ಕೀಲಿಯವನು ನನ್ನನ್ನು ನೋಡುತ್ತಿದ್ದ. ಅವನಿಗೂ ಗೊತ್ತಿತ್ತು ಯಾರು ಕರೆತಂದರೆಂದು. ಅವನು ಹೇಳಿಯೂ ಇದ್ದ, ಯಾರೂ ನಂಬಿರಲಿಲ್ಲ.

"ರಿಜಿಸ್ಟರಿನಲ್ಲಿ ಒಂದು ಕಲಂ ಖಾಲಿ ಇದೆ" ಎಂದೆ. "ಕರೆತಂದವರದು. ಬೇಕಂತಲೇ ಬಿಟ್ಟೆ. ಕರೆತಂದದ್ದು ಆ ಠಾಣೆಯ ಕಾನ್‌ಸ್ಟೇಬಲ್. ನನ್ನ ಮೈದುನ."

ಪೆನ್ನಿನ ಮುಚ್ಚಳ ಮತ್ತೆ ತೆರೆಯಿತು.

ಸಂಜೆ ಅವನು ಬಂದಾಗ ನಾನು ಒಗೆದ ಬಟ್ಟೆ ಮಡಚುತ್ತಿದ್ದೆ. ಮರುದಿನ ಹಾಜರಾಗಬೇಕೆಂಬ ನೋಟಿಸು ಆಗಲೇ ಅವನ ಕೈಯಲ್ಲಿತ್ತು.

"ಕೇಳಿದ್ರಾ?" ಎಂದ.

"ಇಲ್ಲ."

ಎದುರಿಗೆ ಕೂತ. ನೋಟಿಸನ್ನು ಮಡಚಿ ಜೇಬಿಗಿಟ್ಟ. ಬಯ್ಯುತ್ತಾನೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ನಾನೇ ಕೇಳಿದೆ, ಮೊದಲ ದಿನವೇ ಕೇಳಬೇಕಾಗಿದ್ದದ್ದನ್ನು.

"ಹೊಡೆತ ಬೀಳೋವಾಗ ಮನುಷ್ಯ ಎರಡೂ ಕೈ ಎತ್ತುತ್ತಾನೆ. ಅವನು ಎಡಗೈ ಒಂದನ್ನೇ ಯಾಕೆ ಎತ್ತಿದ?"

ಅವನು ತನ್ನ ಅಂಗೈ ನೋಡಿಕೊಂಡ.

"ಬಲಗೈ ನಾನು ಹಿಡ್ಕೊಂಡಿದ್ದೆ ಅತ್ತಿಗೆ."

ಮಡಚಿದ ಅಂಗಿಯನ್ನು ನಾನು ಬಿಚ್ಚಿ ಮತ್ತೆ ಮಡಚಿದೆ.

"ಇನ್ಸ್‌ಪೆಕ್ಟರ್ ಹಿಡ್ಕೋ ಅಂದ್ರು. ಒಂದೆರಡು ಬೀಳುತ್ತೆ, ಬಿಡ್ತಾರೆ ಅಂದುಕೊಂಡೆ. ಆ ಸದ್ದು ಕೇಳಿದ ಮೇಲೇ ಬಿಟ್ಟೆ."

"ನಾಳೆ ಏನು ಹೇಳ್ತೀಯ?"

"ಗೊತ್ತಿಲ್ಲ" ಎಂದು ಎದ್ದು ಕೈಕಾಲು ತೊಳೆಯಲು ಹೋದ. ಅವನಿಗೆ ಊಟ ಬಡಿಸಿದೆ. ಉಂಡ. ತಟ್ಟೆಯನ್ನು ತಾನೇ ತೊಳೆದಿಟ್ಟ. ನಮ್ಮ ಮನೆಯಲ್ಲಿ ಅದು ಮೊದಲ ಸಲ.

ಮರುದಿನ ಅವನು ಹೇಳಿದ. ಬಲಗೈ ಹಿಡಿದದ್ದನ್ನೂ ಸೇರಿಸಿ ಹೇಳಿದನೆಂದು ನನಗೆ ತಿಳಿಸಿದ್ದು ಕೀಲಿಯವನ ಅತ್ತೆ. "ನಿಮ್ಮ ಮೈದುನನ್ನ ಕ್ಷಮಿಸಿದ್ದೀನಿ ಅಂತ ತಿಳ್ಕೋಬೇಡಿ" ಎಂದು ಮುಂಚೆಯೇ ಎಚ್ಚರಿಸಿ, ಆಮೇಲೆ ಉಳಿದದ್ದು ಹೇಳಿದಳು.

ಇನ್ಸ್‌ಪೆಕ್ಟರನ್ನು ಅಮಾನತು ಮಾಡಿ ಮೊಕದ್ದಮೆ ಹೂಡಿದರು. ಅದು ಇನ್ನೂ ನಡೆಯುತ್ತಿದೆ. ಎರಡು ಸಲ ದಿನಾಂಕ ಮುಂದಕ್ಕೆ ಹೋಗಿದೆ. ಮೈದುನನೂ ಅಮಾನತಾದ. ನನಗೆ ಎಚ್ಚರಿಕೆಯ ಪತ್ರ ಬಂತು, ಬಡ್ತಿಯ ಕಡತ ಮೇಜಿನಿಂದ ಕಪಾಟಿಗೆ ಹೋಯಿತು. ವಿಚಾರಣೆಯ ವರದಿಯಲ್ಲಿ ಬ್ಯಾಟರಿಯ ಪ್ರಸ್ತಾಪ ಇದ್ದುದರಿಂದ ಎಂಜಿನಿಯರ್ ಒಂದೇ ವಾರದಲ್ಲಿ ಓಡಿಬಂದ. ಹೊಸ ಬ್ಯಾಟರಿ ಹಾಕಲು ನಾಲ್ಕು ನಿಮಿಷ ಹಿಡಿಯಿತು.

ಕೀಲಿಯವನ ಮೂಳೆ ಕೂಡಿತು, ಆದರೆ ಸ್ವಲ್ಪ ಓರೆಯಾಗಿ. ಮುಂಗೈ ಪೂರ್ತಿ ತಿರುಗುವುದಿಲ್ಲ. "ಎಡಗೈಲಿ ಕೀಲಿ ತಿರುಗಿಸೋಕಾಗಲ್ಲ ಅಕ್ಕ. ಅರ್ಧಕ್ಕೇ ನಿಂತುಬಿಡುತ್ತೆ" ಎಂದು ಗಾಳಿಯಲ್ಲಿ ತಿರುಗಿಸಿ ತೋರಿಸಿದ.

ತಪ್ಪು ಗಂಟೆಯ ದಾಖಲೆಗಳು ಏಳುನೂರ ಹದಿನೆಂಟು ಇದ್ದವು. ಪ್ರತಿಯೊಂದರ ಪಕ್ಕ ಕೆಂಪು ಶಾಯಿಯಲ್ಲಿ ಸರಿಯಾದ ಗಂಟೆ ಬರೆದು ಸಹಿ ಹಾಕಿದೆ. ಒಂಬತ್ತು ಮಧ್ಯಾಹ್ನಗಳು ಬೇಕಾದವು. ಕೊನೆಯ ಮಧ್ಯಾಹ್ನ ಬಾಗಿಲಲ್ಲಿ ಮೈದುನ ಬಂದು ನಿಂತ, ಅದೇ ಸಾದಾ ಬಟ್ಟೆಯಲ್ಲಿ. ನಾನು ಕರೆದಿರಲಿಲ್ಲ. ಕೀಲಿಯವನ ಸಾಲು ಇದ್ದ ಪುಟ ತೆರೆದು ಅವನತ್ತ ತಿರುಗಿಸಿದೆ. ಖಾಲಿ ಕಲಂನಲ್ಲಿ ಅವನು ತನ್ನ ಹೆಸರು, ಹುದ್ದೆ ಬರೆದು ಸಹಿ ಮಾಡಿದ. ಆಮೇಲೆ ಪೆನ್ನು ಎತ್ತಿ ಹಿಡಿದು ಕೇಳಿದ:

"ಅವತ್ತಿನ ತಾರೀಖು ಹಾಕಲಾ ಅತ್ತಿಗೆ?"

"ಇವತ್ತಿನದು ಹಾಕು."

ಅವನು ಮೇಜಿನ ಮೇಲಿದ್ದ ಟೈಂಪೀಸು ನೋಡಿ, ಗಂಟೆಯನ್ನೂ ಬರೆದ.